ಪ್ಲೇಗಿಗೆ ಲಸಿಕೆ ಕೊಟ್ಟು ಅಪವಾದ ಹೊತ್ತ ಹಾಫ್ಕಿನ್

ಮುಂಬೈನ ಪರೇಲ್‌ನಲ್ಲಿ ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿದ್ದ ಭವ್ಯ ಕಟ್ಟಡದಲ್ಲಿ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಇದೆ. 1925ರಲ್ಲಿ ಸರ್ಕಾರವೇ ಈ ಹೆಸರನ್ನು ಇಟ್ಟಿತು. ವಿಚಿತ್ರವೆಂದರೆ, ಅದಕ್ಕೆ ಎರಡು ದಶಕಗಳ ಹಿಂದೆ ಇದೇ ಹೆಸರಿನ ವಿಜ್ಞಾನಿಯನ್ನು ಇದೇ ಕಟ್ಟಡದಿಂದ ಹೊರಗೆ ಕಳುಹಿಸಿದ್ದೂ ಸರ್ಕಾರವೇ. ಹತ್ತೊಂಬತ್ತು ಮಂದಿಯ ಸಾವಿನ ಹೊಣೆಯನ್ನು ಅವರ ಹೆಗಲಿಗೆ ಹೊರಿಸಲಾಗಿತ್ತು. ಆ ಹೊಣೆ ಅವರದಲ್ಲವೆಂದು ಒಪ್ಪಿಕೊಳ್ಳಲು ಆಡಳಿತಕ್ಕೆ ಐದು ವರ್ಷಗಳು ಬೇಕಾದವು.

ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್ಕಿನ್ ಅವರ ಬದುಕು ಕೇವಲ ಒಂದು ಲಸಿಕೆಯ ಕಥೆಯಲ್ಲ. ಮಹಾಮಾರಿ ಎರಗಿದಾಗ ವ್ಯಕ್ತಿ ಮಾಡಬೇಕಾದದ್ದೇನು, ಸರ್ಕಾರ ಉತ್ತರ ಕೊಡಬೇಕಾದದ್ದು ಯಾವುದಕ್ಕೆ ಎಂಬ ಪ್ರಶ್ನೆ ಆ ಬದುಕಿನುದ್ದಕ್ಕೂ ಹಾಸುಹೊಕ್ಕಾಗಿದೆ. 2020ರ ಕೊರೊನಾ ಕಾಲದಲ್ಲಿ ದೇಶ ಮತ್ತೆ ಎದುರಿಸಿದ್ದು ಇದೇ ಪ್ರಶ್ನೆಯನ್ನು.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ಹಾಫ್ಕಿನ್ ಜನಿಸಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾದಲ್ಲಿ. ಅವರದು ಯಹೂದಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಇಲ್ಯಾ ಮೆಚ್ನಿಕಾಫ್ ಅವರ ಗುರುಗಳಾದರು. 1881ರಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದಾಗ ಹಾಫ್ಕಿನ್ ಸ್ವರಕ್ಷಣಾ ಪಡೆ ಸೇರಿ ಗಾಯಗೊಂಡರು, ಬಂಧನಕ್ಕೂ ಒಳಗಾದರು. ಮೆಚ್ನಿಕಾಫ್ ಅವರ ಮಧ್ಯಪ್ರವೇಶದಿಂದ ಬಿಡುಗಡೆ ದೊರೆಯಿತು.

ಪದವಿ, ಸಂಶೋಧನೆ ಎರಡೂ ಇದ್ದರೂ ಪ್ರಾಧ್ಯಾಪಕ ಹುದ್ದೆ ಸಿಗಬೇಕಾದರೆ ಮತಾಂತರಗೊಳ್ಳಬೇಕಿತ್ತು. ಹಾಫ್ಕಿನ್ ಅದಕ್ಕೆ ಒಪ್ಪಲಿಲ್ಲ. 1888ರಲ್ಲಿ ಜಿನೀವಾಕ್ಕೆ ತೆರಳಿದರು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಪುಸ್ತಕಗಳನ್ನು ನೋಡಿಕೊಳ್ಳುತ್ತಲೇ ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಹೋಗಿ ಕಾಲರಾ ರೋಗಾಣುಗಳ ಮೇಲೆ ಕೆಲಸ ಮಾಡುತ್ತಿದ್ದರು.

1892ರ ಹೊತ್ತಿಗೆ ಲಸಿಕೆ ಸಿದ್ಧವಾಯಿತು. ಪ್ರಾಣಿಗಳ ಮೇಲಿನ ಪ್ರಯೋಗ ಮುಗಿದಿತ್ತು. ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಆ ವರ್ಷದ ಜುಲೈ 18ರಂದು ಹಾಫ್ಕಿನ್ ತಮ್ಮ ದೇಹಕ್ಕೇ ಅದನ್ನು ಚುಚ್ಚಿಸಿಕೊಂಡರು. ಜ್ವರ ಬಂದು ಇಳಿಯಿತು. ಅನಂತರ ಸ್ನೇಹಿತರು ಮುಂದೆ ಬಂದರು. ಆದರೂ ಪ್ಯಾರಿಸ್‌ನ ಹಿರಿಯ ವಿಜ್ಞಾನಿಗಳು ಉತ್ಸಾಹ ತೋರಲಿಲ್ಲ. ಆಗ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಭಾರತದ ಮಾಜಿ ವೈಸ್‌ರಾಯ್ ಲಾರ್ಡ್ ಡಫರಿನ್. ಕಾಲರಾದಿಂದ ವರ್ಷವರ್ಷವೂ ತತ್ತರಿಸುತ್ತಿದ್ದ ಭಾರತದಲ್ಲಿ ಪ್ರಯೋಗ ನಡೆಸಲು ಅವರು ದಾರಿ ಮಾಡಿಕೊಟ್ಟರು.

ಕಲ್ಕತ್ತದ ಕೊಳೆಗೇರಿಗಳಲ್ಲಿ

1893ರಲ್ಲಿ ಭಾರತಕ್ಕೆ ಬಂದಿಳಿದ ಹಾಫ್ಕಿನ್ ವೈದ್ಯರಲ್ಲ, ಬ್ರಿಟಿಷ್ ಪ್ರಜೆಯೂ ಅಲ್ಲ. ರಷ್ಯಾದಿಂದ ಬಂದ ಈ ಯಹೂದಿ ಪ್ರಾಣಿಶಾಸ್ತ್ರಜ್ಞನನ್ನು ಇಂಡಿಯನ್ ಮೆಡಿಕಲ್ ಸರ್ವೀಸಿನ ಅನೇಕ ಅಧಿಕಾರಿಗಳು ಅನುಮಾನದಿಂದಲೇ ಕಂಡರು. ಮುಂದೆ ನಡೆದ ಘಟನೆಗಳನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಮುಖ್ಯ.

ಉತ್ತರ ಭಾರತದ ಸೇನಾ ನೆಲೆಗಳಲ್ಲಿ ಲಸಿಕೆ ಹಾಕಿದ ಬಳಿಕ, ಕಲ್ಕತ್ತದ ಆರೋಗ್ಯಾಧಿಕಾರಿ ಡಬ್ಲ್ಯೂ. ಜೆ. ಸಿಂಪ್ಸನ್ ಅವರ ಆಹ್ವಾನದ ಮೇರೆಗೆ ಅಲ್ಲಿನ ಬಸ್ತಿಗಳಿಗೆ ಹೋದರು. ಜನರಲ್ಲಿ ಭಯವಿತ್ತು, ವಿರೋಧವಿತ್ತು. ಭಾರತೀಯ ವೈದ್ಯರು ಜೊತೆಗೆ ನಿಂತರು. ಹಾಫ್ಕಿನ್ ಜನರ ಎದುರಿಗೇ ತಾವು ಚುಚ್ಚಿಸಿಕೊಂಡು ತೋರಿಸಿದರು. 1895ರ ವೇಳೆಗೆ ಸುಮಾರು 42 ಸಾವಿರ ಮಂದಿ ಲಸಿಕೆ ಪಡೆದಿದ್ದರು. ಒಂದೇ ಬಸ್ತಿಯಲ್ಲಿ, ಒಂದೇ ಮನೆಯಲ್ಲಿ ಲಸಿಕೆ ಪಡೆದವರು ಮತ್ತು ಪಡೆಯದವರನ್ನು ಹೋಲಿಸಿ ನೋಡುವ ಕ್ರಮವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಲಸಿಕೆ ಕಡ್ಡಾಯವಾಗಿರಲಿಲ್ಲ. ಒಪ್ಪಿದವರಿಗೆ ಮಾತ್ರ ಎಂಬುದು ಅವರ ನಿಲುವಾಗಿತ್ತು. ಮಲೇರಿಯಾ ತಗುಲಿ 1895ರಲ್ಲಿ ಯುರೋಪಿಗೆ ಮರಳಬೇಕಾಯಿತು. ಮರುವರ್ಷವೇ ಮತ್ತೆ ಬಂದರು.

ಮುಂಬೈಗೆ ಮಾರಿ ಬಂದ ವರ್ಷ

1896ರ ಸೆಪ್ಟೆಂಬರಿನಲ್ಲಿ ಮುಂಬೈನ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಬಂದರಿನ ಗೋದಾಮುಗಳ ಸುತ್ತ ಇಲಿಗಳು ಬೀಳುತ್ತಿದ್ದವು. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಂಟು ಕಾಣಿಸಿಕೊಂಡವರು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನರು ನಗರ ತೊರೆದರು. ಅವರೊಂದಿಗೆ ರೋಗವೂ ರೈಲು ಹತ್ತಿತು.

ಸರ್ಕಾರ ಹಾಫ್ಕಿನ್ ಅವರನ್ನು ಕಲ್ಕತ್ತದಿಂದ ಕರೆಸಿಕೊಂಡಿತು. ಕೊಟ್ಟದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗಿನ ರೋಗಾಣುವನ್ನು 1894ರಲ್ಲಷ್ಟೇ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರು. ಹಾಫ್ಕಿನ್ ಅದನ್ನು ಸಾರಿನಲ್ಲಿ ಬೆಳೆಸಿದರು. ಸಾರಿನ ಮೇಲೆ ತೇಲಿಬಿಟ್ಟ ತುಪ್ಪದ ಹನಿಗಳಿಗೆ ಅಂಟಿಕೊಂಡು ರೋಗಾಣುಗಳು ಬಿಳಲುಗಳಂತೆ ಕೆಳಕ್ಕೆ ಇಳಿಯುತ್ತಿದ್ದವು. ಹೀಗೆ ಬೆಳೆದ ರೋಗಾಣುಗಳನ್ನು ಶಾಖದಿಂದ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. ಹಗಲಿರುಳು ದುಡಿದು ಮೂರೇ ತಿಂಗಳಲ್ಲಿ ಅವರು ಇದನ್ನು ಸಾಧಿಸಿದರು.

1897ರ ಜನವರಿ 10ರಂದು ಮತ್ತೊಮ್ಮೆ ತಮ್ಮ ಮೇಲೆಯೇ ಮೊದಲ ಪ್ರಯೋಗ. ಸಾಮಾನ್ಯರಿಗೆ ಕೊಡಲು ಉದ್ದೇಶಿಸಿದ್ದಕ್ಕಿಂತ ಹೆಚ್ಚಿನ ಪ್ರಮಾಣವನ್ನು ತೆಗೆದುಕೊಂಡರು. ಜ್ವರ, ನೋವು ಬಂದು ಕೆಲವು ದಿನಗಳಲ್ಲಿ ಇಳಿದವು. ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿಗೆ ಪ್ಲೇಗ್ ನುಗ್ಗಿತು. ಮುನ್ನೂರಕ್ಕೂ ಹೆಚ್ಚಿದ್ದ ಕೈದಿಗಳ ಪೈಕಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಲಸಿಕೆಗೆ ಮುಂದೆ ಬಂದರು. ಮುಂದಿನ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ ರೋಗವೂ ಸಾವೂ ಹೆಚ್ಚಾದವು, ಪಡೆದವರಲ್ಲಿ ಬಹಳ ಕಡಿಮೆಯಾದವು. ಸೆರೆಮನೆಯ ಗೋಡೆಯೊಳಗೆ ಕೊಟ್ಟ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ ಎಂದು ಇಂದಿನವರು ಕೇಳಬಹುದು. ಅಂದು ಆ ಪ್ರಶ್ನೆಯನ್ನು ಕೇಳಿದವರು ವಿರಳ.

ಜನರ ವಿಶ್ವಾಸ ಗಳಿಸುವಲ್ಲಿ ಹಾಫ್ಕಿನ್ ಅವರಿಗೆ ದೊಡ್ಡ ನೆರವು ಬಂದದ್ದು ಖೋಜಾ ಸಮುದಾಯದ ಮುಖಂಡ ಆಗಾ ಖಾನ್ ಅವರಿಂದ. ಆಗಿನ್ನೂ ಹದಿಹರೆಯ ದಾಟದಿದ್ದ ಅವರು ಅನುಯಾಯಿಗಳ ಮುಂದೆ ತಾವೇ ಲಸಿಕೆ ಹಾಕಿಸಿಕೊಂಡರು. ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನು ಬಿಟ್ಟುಕೊಟ್ಟರು. ಖೋಜಾಗಳು ಸಾವಿರಾರು ಸಂಖ್ಯೆಯಲ್ಲಿ ಮುಂದೆ ಬಂದರು.

ಕಾಯಿದೆಯ ಇನ್ನೊಂದು ದಾರಿ

ಒಪ್ಪಿಸಿ ಲಸಿಕೆ ಹಾಕುವುದು ಒಂದು ದಾರಿಯಾದರೆ, ಸರ್ಕಾರ ಹಿಡಿದದ್ದು ಇನ್ನೊಂದನ್ನು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗ ಕಾಯಿದೆ ಜಾರಿಗೆ ಬಂತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. ರೋಗ ತಡೆಗೆ ಅಗತ್ಯವೆನಿಸಿದ ಯಾವುದೇ ಕ್ರಮ ಕೈಗೊಳ್ಳಲು ಸರ್ಕಾರಕ್ಕೆ ಅಧಿಕಾರ, ಆಜ್ಞೆ ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕ್ರಮ ಕೈಗೊಂಡವರ ವಿರುದ್ಧ ಯಾವುದೇ ದಾವೆ ಹೂಡುವಂತಿಲ್ಲ. ಇದು ಅದರ ಸಾರ. ಜನರ ಕರ್ತವ್ಯವನ್ನು ಅದು ವಿಧಿಸಿತು. ಸರ್ಕಾರದ ಕರ್ತವ್ಯವೇನೆಂದು ಹೇಳಲಿಲ್ಲ.

ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥ ಡಬ್ಲ್ಯೂ. ಸಿ. ರ‍್ಯಾಂಡ್ ಅವರು ಸೈನಿಕರನ್ನು ಮನೆಮನೆಗೆ ನುಗ್ಗಿಸಿದರು. ಅಡುಗೆಮನೆ, ದೇವರಮನೆಗಳೂ ಶೋಧನೆಯಿಂದ ಪಾರಾಗಲಿಲ್ಲ. ಶಂಕಿತರನ್ನು ಕುಟುಂಬದಿಂದ ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅದೇ ವರ್ಷದ ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡ್ ಅವರ ಮೇಲೆ ಗುಂಡು ಹಾರಿಸಿದರು. ಲೋಕಮಾನ್ಯ ತಿಲಕರು ರಾಜದ್ರೋಹದ ಆರೋಪದಲ್ಲಿ ಸೆರೆಮನೆ ಸೇರಿದರು. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚ್‌ನಲ್ಲಿ ರೋಗಿಗಳ ಶುಶ್ರೂಷೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ ಅವರು ಪ್ಲೇಗಿಗೆ ಬಲಿಯಾಗಿದ್ದರು.

ಇಷ್ಟೆಲ್ಲ ಬಲಪ್ರಯೋಗದಿಂದ ರೋಗ ತಗ್ಗಲಿಲ್ಲ. ಕಾರಣವೂ ಇತ್ತು. ಕೊಳೆಯೇ ರೋಗದ ಮೂಲವೆಂದು ಅಧಿಕಾರಿಗಳು ನಂಬಿದ್ದರು. ನೆಲ ಅಗೆಸಿದರು, ಸುಣ್ಣ ಬಳಿಸಿದರು, ಚರಂಡಿಗಳಿಗೆ ನೀರು ಹಾಯಿಸಿದರು. ಇಲಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಿದವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರೆಂಚ್ ವಿಜ್ಞಾನಿ ಪಾಲ್ ಲೂಯಿ ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ಅದನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಇಲಿ ಬಿದ್ದರೆ ಊರು ಬಿಡಬೇಕೆಂಬ ತಿಳಿವಳಿಕೆ ಮಾತ್ರ ಜನರಲ್ಲಿ ಮೊದಲೇ ಇತ್ತು.

ಹುಬ್ಬಳ್ಳಿ, ಧಾರವಾಡ, ಬೆಂಗಳೂರು

ಕನ್ನಡನಾಡಿಗೂ ಮಾರಿ ಕಾಲಿಡಲು ತಡವಾಗಲಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳಲ್ಲಿ 1898ರಲ್ಲಿ ಪ್ಲೇಗ್ ಭೀಕರವಾಗಿ ಹಬ್ಬಿತು. ಹಾಫ್ಕಿನ್ ಲಸಿಕೆಯ ಅತಿ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಇಲ್ಲಿಯೇ. ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಊರಿನ ಬಹುಪಾಲು ಜನ ಲಸಿಕೆ ಪಡೆದರು. ಲಸಿಕೆ ಪಡೆದವರಲ್ಲಿ ಸಾವು ಗಣನೀಯವಾಗಿ ಇಳಿದದ್ದು ದಾಖಲಾಯಿತು. ಪ್ರಾಂತ್ಯದಲ್ಲಿ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ನೀಡಿ ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿಯೂ ಇತ್ತು. ಹೆಸರಿಗೆ ಐಚ್ಛಿಕವಾದರೂ ಪ್ರಮಾಣಪತ್ರವಿಲ್ಲದವರ ಓಡಾಟ ಕಷ್ಟವಾಗಿತ್ತು.

ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಊರ ಹೊರಗೆ ಗುಡಿಸಲುಗಳು ಎದ್ದವು. ಪ್ಲೇಗ್ ಮಾರಿಯಮ್ಮನ ಗುಡಿಗಳೂ ಎದ್ದವು. ಮೈಸೂರು ಸರ್ಕಾರ ಇದರಿಂದ ಪಾಠ ಕಲಿತದ್ದಕ್ಕೆ ಸಾಕ್ಷಿ ಇಂದಿಗೂ ಕಣ್ಣೆದುರಿಗಿದೆ. ಅಗಲ ರಸ್ತೆ, ಗಾಳಿ ಬೆಳಕುಗಳ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ಬೆನ್ನಲ್ಲೇ.

ಮುಲ್ಕೋವಾಲ್ ದುರಂತ

1899ರಲ್ಲಿ ಪರೇಲ್‌ನ ಹಳೆಯ ಗವರ್ನಮೆಂಟ್ ಹೌಸ್ ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಯಿತು. ಗುಮಾಸ್ತ ಮತ್ತು ಮೂವರು ಜವಾನರಿಂದ ಆರಂಭವಾದ ಕೆಲಸ ದೊಡ್ಡ ಸಂಸ್ಥೆಯಾಗಿ ಬೆಳೆದಿತ್ತು. ವಿಕ್ಟೋರಿಯಾ ರಾಣಿಯಿಂದ ಸಿ.ಐ.ಇ. ಗೌರವ ಸಂದಿತ್ತು. ಹಾಫ್ಕಿನ್ ಬ್ರಿಟಿಷ್ ಪ್ರಜೆಯೂ ಆದರು.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗ್ ಉಲ್ಬಣಿಸಿತು. ಅಲ್ಲಿನ ಸರ್ಕಾರ ಬೃಹತ್ ಲಸಿಕಾ ಆಂದೋಲನಕ್ಕೆ ಮುಂದಾಗಿ ಲಕ್ಷಾಂತರ ಡೋಸ್‌ಗಳನ್ನು ಕೇಳಿತು. ಅಷ್ಟು ಬೇಗ ಅಷ್ಟು ಪ್ರಮಾಣದಲ್ಲಿ ತಯಾರಿಸಬೇಕಾದ ಒತ್ತಡದಲ್ಲಿ ಹಾಫ್ಕಿನ್ ತಯಾರಿಕೆಯ ಕ್ರಮವನ್ನು ಬದಲಿಸಿದರು. ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಕೈಬಿಟ್ಟು ಶಾಖದಿಂದಲೇ ಕ್ರಿಮಿಶುದ್ಧಿ ಮಾಡುವ ವಿಧಾನವನ್ನು ಅಳವಡಿಸಿದರು.

ಅಕ್ಟೋಬರ್ 30ರಂದು ಈಗ ಪಾಕಿಸ್ತಾನದಲ್ಲಿರುವ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಬಳಸಿದ್ದು ಐದು ಶೀಷೆಗಳು. ನಾಲ್ಕು ಶೀಷೆಗಳಿಂದ ಲಸಿಕೆ ಪಡೆದವರೆಲ್ಲ ಚೆನ್ನಾಗಿದ್ದರು. ಐದನೆಯ ಶೀಷೆಯಿಂದ ಪಡೆದ ಹತ್ತೊಂಬತ್ತು ಮಂದಿಗೆ ಸುಮಾರು ಒಂದು ವಾರದ ಬಳಿಕ ಧನುರ್ವಾಯುವಿನ ಲಕ್ಷಣಗಳು ಕಾಣಿಸಿಕೊಂಡವು. ಹತ್ತೊಂಬತ್ತು ಮಂದಿಯೂ ಸತ್ತರು.

ರೋಗವಿಲ್ಲದ, ಸರ್ಕಾರದ ಮಾತು ನಂಬಿ ತೋಳು ಒಡ್ಡಿದ ಜನ ಅವರು. ಸುದ್ದಿ ಹಬ್ಬುತ್ತಿದ್ದಂತೆ ಪಂಜಾಬಿನ ಆಂದೋಲನ ಕುಸಿಯಿತು.

ಬಾಂಬೆಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಸ್ಥಳದಲ್ಲಿ ನಡೆದ ಒಂದು ಸಂಗತಿ ಅದರ ಮುಂದೆ ಬಂದಿತ್ತು. ಶೀಷೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣುಗಳು ಇರುವುದೇ ಮಣ್ಣಿನಲ್ಲಿ. ಅವುಗಳ ಬೀಜಕಣಗಳು ಅಂಥ ಅದ್ದಿಕೆಗೆ ಸಾಯುವುದಿಲ್ಲ. ಆದರೂ ಶೀಷೆ ತೆರೆಯುವ ಮೊದಲೇ, ಅಂದರೆ ಪರೇಲ್‌ನ ಪ್ರಯೋಗಾಲಯದಲ್ಲೇ ಲಸಿಕೆ ಕಲುಷಿತವಾಗಿರಬೇಕೆಂಬ ತೀರ್ಮಾನಕ್ಕೆ ಆಯೋಗ ಬಂತು. ಕಾರ್ಬಾಲಿಕ್ ಆಮ್ಲ ಕೈಬಿಟ್ಟ ನಿರ್ಧಾರ ಹಾಫ್ಕಿನ್ ಅವರಿಗೆ ಮುಳುವಾಯಿತು.

ಅವರನ್ನು ನಿರ್ದೇಶಕ ಸ್ಥಾನದಿಂದ ಸರಿಸಿ ರಜೆಯ ಮೇಲೆ ಕಳುಹಿಸಲಾಯಿತು. 1904ರಲ್ಲಿ ಅವರು ಭಾರತ ಬಿಟ್ಟು ಲಂಡನ್ ಸೇರಿದರು. ಆಯೋಗದ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು ದುರಂತ ನಡೆದು ನಾಲ್ಕು ವರ್ಷಗಳ ಬಳಿಕ, 1906ರ ಕೊನೆಯಲ್ಲಿ. ಅಲ್ಲಿಯವರೆಗೆ ತಮ್ಮ ಮೇಲಿನ ಆಪಾದನೆಗೆ ಬಹಿರಂಗವಾಗಿ ಉತ್ತರಿಸುವ ಅವಕಾಶವೂ ಅವರಿಗಿರಲಿಲ್ಲ.

ರಾಸ್ ಕೈಗೆತ್ತಿಕೊಂಡ ಹೋರಾಟ

ಹಾಫ್ಕಿನ್ ಪರವಾಗಿ ದನಿಯೆತ್ತಿದವರಲ್ಲಿ ಪ್ರಮುಖರು ರೊನಾಲ್ಡ್ ರಾಸ್. ಮಲೇರಿಯಾ ಹರಡುವ ಬಗೆಯನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದು 1902ರಲ್ಲಿ ನೊಬೆಲ್ ಪಡೆದವರು. ಅದಕ್ಕೂ ಮುನ್ನ 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಬೆಂಗಳೂರಿಗೆ ನಿಯೋಜಿತರಾಗಿದ್ದ ಅವರಿಗೆ ಭಾರತದ ವೈದ್ಯಕೀಯ ಆಡಳಿತದ ಒಳಹೊರಗು ಚೆನ್ನಾಗಿ ತಿಳಿದಿತ್ತು. ಕಲ್ಕತ್ತದ ಹಳೆಯ ಗೆಳೆಯ ಸಿಂಪ್ಸನ್ ಕೂಡ ಜೊತೆಗೂಡಿದರು.

ಅವರ ವಾದ ಸರಳವಾಗಿತ್ತು. ಶೀಷೆ ತಯಾರಾದದ್ದು ಲಸಿಕೆ ಹಾಕುವುದಕ್ಕೆ 41 ದಿನಗಳ ಹಿಂದೆ. ಧನುರ್ವಾಯುವಿನ ರೋಗಾಣು ಪರೇಲ್‌ನಲ್ಲೇ ಸೇರಿದ್ದರೆ ಅಷ್ಟು ದಿನಗಳಲ್ಲಿ ಬೆಳೆದು ದುರ್ವಾಸನೆ ಬರಬೇಕಿತ್ತು. ತೆರೆದಾಗ ಅಂಥ ವಾಸನೆ ಇರಲಿಲ್ಲ. ವಿಷ ಅದಾಗಲೇ ಶೀಷೆಯಲ್ಲಿ ತುಂಬಿಕೊಂಡಿದ್ದರೆ ರೋಗಲಕ್ಷಣಗಳು ಇನ್ನೂ ಬೇಗ ಕಾಣಿಸಬೇಕಿತ್ತು. ಎಲ್ಲ ಸಾಕ್ಷ್ಯಗಳೂ ಬೆರಳು ಮಾಡಿದ್ದು ಮುಲ್ಕೋವಾಲ್‌ನ ನೆಲಕ್ಕೆ ಬಿದ್ದ ಆ ಚಿಮಟದ ಕಡೆಗೇ.

1907ರ ಜುಲೈನಲ್ಲಿ ಹತ್ತು ಮಂದಿ ಪ್ರಸಿದ್ಧ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಜಂಟಿ ಪತ್ರ ಬರೆದು ಆಪಾದನೆ ಆಧಾರರಹಿತವೆಂದು ಸಾರಿದರು. ಬ್ರಿಟಿಷ್ ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಭಾರತ ವ್ಯವಹಾರಗಳ ಸಚಿವರಾಗಿದ್ದ ಜಾನ್ ಮಾರ್ಲಿ ಅವರ ಕಾಲದಲ್ಲಿ, ಅದೇ ವರ್ಷದ ಕೊನೆಯಲ್ಲಿ ಹಾಫ್ಕಿನ್ ಅವರನ್ನು ಆರೋಪಮುಕ್ತಗೊಳಿಸಿ ಮತ್ತೆ ಕೆಲಸಕ್ಕೆ ಕರೆಯಲಾಯಿತು. ಫ್ರಾನ್ಸಿನಲ್ಲಿ ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಗೆ ಆದ ಅನ್ಯಾಯಕ್ಕೆ ಈ ಪ್ರಕರಣವನ್ನು ಹೋಲಿಸಿದವರೂ ಇದ್ದಾರೆ.

ಮರಳಿ ಬಂದರೂ

ಹಾಫ್ಕಿನ್ ಭಾರತಕ್ಕೆ ಮರಳಿದರು. ಆದರೆ ಪರೇಲ್‌ಗಲ್ಲ. ಅಲ್ಲಿ ಅವರ ಸ್ಥಾನ ಬೇರೆಯವರ ಪಾಲಾಗಿತ್ತು. ಕಲ್ಕತ್ತದಲ್ಲಿ ಒಂದು ಪ್ರಯೋಗಾಲಯದ ಹೊಣೆ ಕೊಡಲಾಯಿತು. ಲಸಿಕೆ ತಯಾರಿಸುವ ಏರ್ಪಾಡು ಅಲ್ಲಿರಲಿಲ್ಲ. ಕಾಲರಾಕ್ಕೆ ಸುಧಾರಿತ ಲಸಿಕೆಯೊಂದನ್ನು ಜನರ ನಡುವೆ ಪರೀಕ್ಷಿಸಲು ಅವರು ಬಯಸಿದರು. ಅದಕ್ಕೂ ಅನುಮತಿ ಸಿಗಲಿಲ್ಲ. ಆರೋಪ ಹೋಗಿತ್ತು, ಅನುಮಾನ ಹೋಗಿರಲಿಲ್ಲ. ನಿವೃತ್ತಿಗೆ ಅವಕಾಶವಾದ ಕೂಡಲೇ, ಐವತ್ತೈದರ ಅಂಚಿನಲ್ಲಿ ಅವರು ಕೆಲಸ ಬಿಟ್ಟು ಯುರೋಪಿಗೆ ತೆರಳಿದರು.

ಕೊನೆಯ ವರ್ಷಗಳಲ್ಲಿ ವಿಜ್ಞಾನದಿಂದ ದೂರ ಸರಿದು ಯಹೂದಿ ಧರ್ಮಾಚರಣೆಯಲ್ಲಿ, ಸಮುದಾಯದ ಸೇವೆಯಲ್ಲಿ ತೊಡಗಿಕೊಂಡರು. ಮದುವೆಯಾಗಿರಲಿಲ್ಲ. ತಮ್ಮ ಉಳಿತಾಯವನ್ನು ಪೂರ್ವ ಯುರೋಪಿನ ಯಹೂದಿ ವಿದ್ಯಾಲಯಗಳಿಗೆ ನೆರವಾಗುವ ನಿಧಿಗೆ ಕೊಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು.

ಅವರ ಲಸಿಕೆ ಪ್ಲೇಗನ್ನು ಪೂರ್ತಿ ತಡೆಯುತ್ತಿರಲಿಲ್ಲ. ಅಪಾಯವನ್ನು ತಗ್ಗಿಸುತ್ತಿತ್ತು. ಹಾಗೆಂದು ಅವರು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದರು. 1897ರಿಂದ 1925ರವರೆಗೆ ಮುಂಬೈನಿಂದ 2 ಕೋಟಿ 60 ಲಕ್ಷ ಡೋಸ್‌ಗಳು ಹೊರಹೋದವು. ಅದೇ ಕಾಲಾವಧಿಯಲ್ಲಿ ದೇಶದಲ್ಲಿ ಪ್ಲೇಗಿಗೆ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಲಸಿಕೆ ಇಲ್ಲದಿದ್ದರೆ ಈ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ. 1964ರಲ್ಲಿ ಭಾರತ ಸರ್ಕಾರ ಹಾಫ್ಕಿನ್ ಸ್ಮರಣೆಗೆ ಅಂಚೆ ಚೀಟಿ ಹೊರತಂದಿತು.

ಉಳಿದ ಪ್ರಶ್ನೆ

ಹಾಫ್ಕಿನ್ ತಪ್ಪೇ ಮಾಡದವರೆಂದು ಹೇಳಬೇಕಾಗಿಲ್ಲ. ತಯಾರಿಕೆಯ ಕ್ರಮ ಬದಲಿಸಿದ್ದು ಅವರದೇ ನಿರ್ಧಾರ. ಅದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ. ತಾವು ತಯಾರಿಸಿದ್ದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡ ಮನುಷ್ಯ ಹೊಣೆಯಿಂದ ನುಣುಚಿಕೊಳ್ಳುವವರಾಗಿರಲಿಲ್ಲ. ಆದರೆ ಅಸಾಧ್ಯವಾದ ಗಡುವಿನಲ್ಲಿ ಲಕ್ಷಾಂತರ ಡೋಸ್ ಕೇಳಿದವರು ಯಾರು, ಹಳ್ಳಿಹಳ್ಳಿಗೆ ಹೋದ ತಂಡಗಳಿಗೆ ಸಾಕಷ್ಟು ತರಬೇತಿ ಇತ್ತೇ, ನೆಲಕ್ಕೆ ಬಿದ್ದ ಸಲಕರಣೆಯನ್ನು ಏನು ಮಾಡಬೇಕೆಂಬ ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆಗಳು ಹಿಂದೆ ಸರಿದವು. ಒಬ್ಬ ವ್ಯಕ್ತಿಯನ್ನು, ಅದರಲ್ಲೂ ಹೊರಗಿನವನನ್ನು ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸಿದ ಮೇಲೆ ವ್ಯವಸ್ಥೆ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಸಂತ್ರಸ್ತರಿಗೂ ಅದರಿಂದ ನ್ಯಾಯ ದೊರೆಯಲಿಲ್ಲ.

1897ರ ಅದೇ ಕಾಯಿದೆಯನ್ನು 2020ರ ಮಾರ್ಚ್‌ನಲ್ಲಿ ರಾಜ್ಯಗಳು ಮತ್ತೆ ಕೈಗೆತ್ತಿಕೊಂಡವು. ಕರ್ನಾಟಕ ಆ ವರ್ಷ ತನ್ನದೇ ಸಾಂಕ್ರಾಮಿಕ ರೋಗ ಕಾಯಿದೆಯನ್ನು ರೂಪಿಸಿಕೊಂಡಿತು. ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ನಡೆಸಿದವರಿಗೆ ಕಠಿಣ ಶಿಕ್ಷೆ ವಿಧಿಸುವಂತೆ ಕೇಂದ್ರವೂ ಹಳೆಯ ಕಾಯಿದೆಯನ್ನು ತಿದ್ದಿತು. ಮುಖಗವಸು ಧರಿಸಬೇಕು, ಅಂತರ ಕಾಯಬೇಕು, ಲಸಿಕೆ ಪಡೆಯಬೇಕು ಎಂದು ಜನರಿಗೆ ಹೇಳಿದ್ದು ಸರಿಯಾಗಿಯೇ ಇತ್ತು. ಹಾಸಿಗೆ, ಆಮ್ಲಜನಕ, ಸಾವಿನ ನಿಜ ಲೆಕ್ಕ ಇವುಗಳ ಬಗ್ಗೆ ಉತ್ತರ ಕೊಡಬೇಕಾದವರು ಯಾರೆಂದು ಕೇಳಿದ್ದೂ ಅಷ್ಟೇ ಸರಿಯಾಗಿತ್ತು. ಮಾಸ್ಕ್ ಧರಿಸದವನ ದಂಡ ಎಷ್ಟೆಂದು ರಸ್ತೆಯಲ್ಲೇ ತೀರ್ಮಾನವಾಗುತ್ತಿತ್ತು. ಎರಡನೆಯ ಪ್ರಶ್ನೆಗಾದರೆ, ಮುಲ್ಕೋವಾಲ್ ವರದಿಗಾಗಿ ಕಾದಂತೆ, ಜನ ವರ್ಷಗಟ್ಟಲೆ ಕಾಯಬೇಕಾಯಿತು.